ಚೆನ್ನೆಮಣೆಯಲ್ಲಿ ಒಂಬತ್ತು ಅಂಕಿಗಳ ಸಂಖ್ಯೆ ಹುಡುಕುವ ಬಗೆ

ಆಟಿ ತಿಂಗಳ ಮಳೆಗೆ ಉಡುಪಿಯ ಹಳೆಯ ಮನೆಗಳಲ್ಲಿ ಅಟ್ಟದಿಂದ ಕೆಳಗಿಳಿಯುವ ಚೆನ್ನೆಮಣೆಯಲ್ಲಿ ಸಾಲಿಗೆ ಏಳರಂತೆ ಎರಡು ಸಾಲು ಗುಳಿಗಳಿರುತ್ತವೆ. ಕಾಯಿಗಳ ಬದಲು 1ರಿಂದ 9ರವರೆಗೆ ಬರೆದ ಒಂಬತ್ತು ಚೀಟಿಗಳನ್ನು ಇಟ್ಟುಕೊಳ್ಳಿ. ಎಡದಿಂದ ಮೊದಲ ಎರಡು ಅಂಕಿಗಳ ಸಂಖ್ಯೆ 2ರಿಂದ, ಮೊದಲ ಮೂರರದು 3ರಿಂದ, ಹೀಗೆಯೇ ಮುಂದುವರಿದು ಒಂಬತ್ತರದು 9ರಿಂದ ನಿಶ್ಶೇಷವಾಗಿ ಭಾಗವಾಗುವಂತೆ ಅವನ್ನು ಜೋಡಿಸಬೇಕು. ಜೋಡಣೆಗಳು ಒಟ್ಟು 3,62,880 ಇರುವುದರಿಂದ ಒಂದೊಂದನ್ನೇ ಪರೀಕ್ಷಿಸ ಹೊರಟರೆ ಮಳೆಗಾಲವೇ ಮುಗಿದೀತು.

ಮೊದಲು ಐದನೆಯ ಗುಳಿಗೆ 5ನ್ನು ಹಾಕಿ. ಸೊನ್ನೆಯ ಚೀಟಿ ಇಲ್ಲದಿರುವಾಗ ಅಲ್ಲಿ ಬೇರೊಂದು ಕೂರದು. ಎರಡು, ನಾಲ್ಕು, ಆರು, ಎಂಟನೆಯ ಗುಳಿಗಳು ಸಮ ಅಂಕಿಗಳಿಗೆ ಮೀಸಲು, ಉಳಿದವು ಬೆಸ ಅಂಕಿಗಳಿಗೆ. ಮೂರನೆಯದು ಬೆಸವಾದ್ದರಿಂದ ನಾಲ್ಕನೆಯದು 2 ಅಥವಾ 6 ಆಗದೆ 4ರ ಭಾಗಾಕಾರ ಸರಿಹೋಗದು: 32, 36 ಆದೀತು, 34, 38 ಆಗದು. ಏಳನೆಯದೂ ಬೆಸವೇ ಆದ್ದರಿಂದ ಎಂಟನೆಯ ಗುಳಿಗೂ ಇದೇ ಕಟ್ಟು. ಹಾಗಾಗಿ 4 ಮತ್ತು 8 ಎರಡನೆಯ, ಆರನೆಯ ಗುಳಿಗಳಿಗೆ ಹೋಗುತ್ತವೆ.

ಮೊದಲ ಮೂರು ಅಂಕಿಗಳ ಮೊತ್ತವೂ ಮೊದಲ ಆರರ ಮೊತ್ತವೂ 3ರಿಂದ ಭಾಗವಾಗಬೇಕಾದ್ದರಿಂದ ನಡುವಿನ ಮೂರರ ಮೊತ್ತವೂ ಭಾಗವಾಗಲೇಬೇಕು. ಅಲ್ಲಿಗೆ ನಡುವೆ 258 ಅಥವಾ 654 ಎರಡೇ ಉಳಿಯುತ್ತವೆ. 258 ಹಿಡಿದರೆ ಎರಡನೆಯದು 4; ಅದರ ಎರಡು ಬದಿಗೆ 1 ಮತ್ತು 7 ಮಾತ್ರ ಹೊಂದುತ್ತವೆ; ಎಂಟನೆಯ ಗುಳಿಗೆ 6 ಬರುವುದರಿಂದ ಏಳನೆಯದು 9 ಆಗಲೇಬೇಕು, ಏಕೆಂದರೆ 36 ಎಂಟರಿಂದ ಭಾಗವಾಗದು, 96 ಆಗುತ್ತದೆ. ಹೀಗೆ ಸಿಗುವ 1472589, 7412589 ಎರಡೂ 7ರ ಪರೀಕ್ಷೆಯಲ್ಲಿ ಬೀಳುತ್ತವೆ. 654 ಹಿಡಿದರೆ ಇದೇ ವಿಧಾನದಲ್ಲಿ ಎಂಟು ಜೋಡಣೆಗಳು ಸಿಗುತ್ತವೆ.

7ಕ್ಕೆ ಕೆಲವು ಅಡ್ಡದಾರಿಯ ಸೂತ್ರಗಳಿದ್ದರೂ ನೇರ ಭಾಗಾಕಾರವೇ ಬೇಗ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ಹಂತಕ್ಕೆ ಮಣೆಯ ಮೇಲಿನ ಸಾಲು ಸರಿಯಾಗಿ ತುಂಬಿರುತ್ತದೆಂಬುದು ಕಾಕತಾಳೀಯವಾದರೂ ಅನುಕೂಲವೇ. 9876543ರಂಥ ಅಂದವಾದ ಜೋಡಣೆಯೂ 5 ಶೇಷ ಉಳಿಸಿ ಸೋಲುತ್ತದೆ; ಎಂಟರಲ್ಲಿ 3816547 ಒಂದೇ 545221 ಭಾಗಲಬ್ಧ ಕೊಟ್ಟು ಗೆಲ್ಲುತ್ತದೆ. ಕೆಳಗಿನ ಸಾಲಿಗೆ 2, 9 ಇಟ್ಟರೆ 38,16,54,729 ಪೂರ್ಣವಾಯಿತು. 9ರ ಪರೀಕ್ಷೆ ಬೇಕಿಲ್ಲ: ಒಂಬತ್ತು ಚೀಟಿಗಳ ಮೊತ್ತ ಯಾವಾಗಲೂ 45.

ಕೊನೆಗೆ ಸೊನ್ನೆಯೊಂದನ್ನು ಸೇರಿಸಿದರೆ ಹತ್ತು ಅಂಕಿಗಳೂ ಬಂದು 10ರ ನಿಯಮವೂ ಪಾಲನೆಯಾಗುತ್ತದೆ. ಅಂಕಿ ಮರುಕಳಿಸಬಹುದೆಂದು ನಿಯಮ ಸಡಿಲಿಸಿದರೂ ಈ ಸರಣಿ ಕೊನೆಯಿಲ್ಲದೆ ಬೆಳೆಯದು: 3608528850368400786036725 ಎಂಬ 25 ಅಂಕಿಗಳ ಸಂಖ್ಯೆಯ ಬಲಕ್ಕೆ ಯಾವ ಅಂಕಿಯನ್ನಿಟ್ಟರೂ 26ರಿಂದ ಭಾಗವಾಗುವುದಿಲ್ಲ.