ಪ್ಲೈವುಡ್ ಶೀಟ್ ಕೊಯ್ಯುವಾಗ ಮಷಿನ್ ತಿಣುಕಿದರೆ ಎಲ್ಲಿಂದ ಹುಡುಕಬೇಕು

ಏಳು ಇಂಚಿನ ಸರ್ಕ್ಯುಲರ್ ಗರಗಸ, 18 ಎಂಎಂ ಪ್ಲೈವುಡ್, ಎಂಟು ಅಡಿ ಉದ್ದದ ಕೊಯ್ತ. ಎರಡು ಅಡಿ ಹೋಗುವಷ್ಟರಲ್ಲಿ ಮೋಟರಿನ ಸದ್ದು ಕುಗ್ಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಅಂಚು ಕಪ್ಪಾಗುತ್ತದೆ. ಇನ್ನೂ ತಳ್ಳಿದರೆ ಬ್ಲೇಡ್ ನಿಂತೇ ಬಿಡುತ್ತದೆ. ನಮ್ಮ ಕೊಡಗಿನಲ್ಲಿ ಇದಕ್ಕೆ ಮೊದಲು ಬೈಸಿಕೊಳ್ಳುವುದು ಕರೆಂಟು, ಆಮೇಲೆ ಮೋಟರು. ನಾನು ನೋಡಿದ ಮಷಿನ್‌ಗಳಲ್ಲಿ ಮೋಟರೇ ಕೆಟ್ಟದ್ದು ಕಡಿಮೆ. ಒಂದೋ ಶೀಟ್ ಬ್ಲೇಡನ್ನು ಕಚ್ಚಿಕೊಂಡಿರುತ್ತದೆ, ಇಲ್ಲ ಬ್ಲೇಡ್ ಮೊಂಡಾಗಿರುತ್ತದೆ.

ಬಿಚ್ಚುವುದಕ್ಕೆ ಮೊದಲು ನಾನು ಮಾಡುವ ಪರೀಕ್ಷೆ ಇಷ್ಟೇ: ಅದೇ ಶೀಟಿನ ಅಂಚನ್ನು ಮೇಜಿನಿಂದ ಹೊರಗೆ ಚಾಚಿ, ಎರಡು ಇಂಚು ಅಗಲದ ಪಟ್ಟಿಯನ್ನು ಒಂದು ಅಡಿಯಷ್ಟು ಸೀಳುವುದು. ಪಟ್ಟಿ ಸಡಿಲವಾಗಿ ಹೊರಗೆ ಇರುವುದರಿಂದ ಬ್ಲೇಡನ್ನು ಹಿಡಿಯಲಾರದು. ಇದು ಸಲೀಸಾಗಿ ಹೋಗಿ, ಶೀಟಿನ ನಡುವೆ ಮಾತ್ರ ತಿಣುಕಿದರೆ ತಪ್ಪು ಶೀಟ್ ಇಟ್ಟ ರೀತಿಯಲ್ಲಿ ಅಥವಾ ಗೈಡ್‌ನಲ್ಲಿ (ಮಷಿನ್ ನೇರ ಹೋಗಲು ಪಕ್ಕಕ್ಕೆ ಹಾಕುವ ಪಟ್ಟಿಯಲ್ಲಿ). ಪಟ್ಟಿಯಲ್ಲೂ ತಿಣುಕಿದರೆ ಬ್ಲೇಡ್ ಬದಲಿಸಿ ನೋಡಿ. ಹೊಸ ಬ್ಲೇಡಿಗೂ ಅದೇ ಗತಿಯಾದರೆ ಆಗ ವೋಲ್ಟೇಜು, ಮೋಟರು ಅಂತ ಹೋಗಬಹುದು.

ಶೀಟ್ ಇಡುವ ವಿಷಯವನ್ನೇ ಮೊದಲು ಹೇಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲಿಯೇ. ಎರಡು ಸ್ಟೂಲಿನ ಮೇಲೆ ಎರಡು ತುದಿ ಇಟ್ಟು ನಡುವೆ ಕೊಯ್ದರೆ, ಕೊಯ್ದಷ್ಟೂ ನಡು ಕೆಳಗೆ ಜಗ್ಗುತ್ತದೆ. ಸೀಳಿನ ಮೇಲ್ಭಾಗ ಮುಚ್ಚಿಕೊಂಡು ಬ್ಲೇಡನ್ನು ಎರಡೂ ಕಡೆಯಿಂದ ಒತ್ತುತ್ತದೆ. 18 ಎಂಎಂನ 8x4 ಶೀಟ್ ಮೂವತ್ತು ಕೆಜಿ ದಾಟುವಂಥದ್ದು, ಅದರ ಭಾರವನ್ನು ಯಾವ ಮೋಟರೂ ಎತ್ತಿ ಹಿಡಿಯಲಾರದು. ಮಷಿನ್ ಹಿಂದಕ್ಕೆ ಎಗರಿ ಮೈಮೇಲೆ ಬರುವುದೂ ಹೀಗೆ ಕಚ್ಚಿಕೊಂಡಾಗಲೇ.

ನೆಲದ ಮೇಲೆ ಎರಡು ಇಂಚು ದಪ್ಪದ ಥರ್ಮೋಕೋಲ್ ಹಾಸಿ ಅದರ ಮೇಲೆ ಇಡೀ ಶೀಟ್ ಮಲಗಿಸುವುದು ಎಲ್ಲಕ್ಕಿಂತ ಸುಲಭ. ಬ್ಲೇಡ್ ಥರ್ಮೋಕೋಲನ್ನು ಐದಾರು ಎಂಎಂ ಗೀರಿದರೆ ಗೀರಲಿ, ಎರಡೂ ತುಂಡು ಕೊನೆಯವರೆಗೆ ಅಲುಗುವುದಿಲ್ಲ. ಅದಿಲ್ಲದಿದ್ದರೆ ನಾಲ್ಕು ರೀಪು ಬೇಕು: ಗೆರೆಯ ಎಡಕ್ಕೆ ಎರಡು, ಬಲಕ್ಕೆ ಎರಡು, ಒಳಗಿನ ಎರಡು ಗೆರೆಗೆ ಮೂರು ಇಂಚು ಹತ್ತಿರ. ಎರಡು ಅಡಿ ಕೊಯ್ದ ಮೇಲೆ ಮಷಿನ್ ನಿಲ್ಲಿಸಿ, ಸೀಳಿನ ಬಾಯಿಗೆ ಒಂದು ಎಂಎಂನ ಮೈಕಾ ಚೂರು ಎರಡನ್ನು ಜೋಡಿಸಿ ಸಿಗಿಸಿ. ಸೀಳು ಮತ್ತೆ ಮುಚ್ಚುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿಯ ಗೋಡೆಗೆ ಒರಗಿಸಿಟ್ಟ ಶೀಟ್ ನೇರವಾಗಿ ಉಳಿಯುವುದಿಲ್ಲ, ಬಾಗುತ್ತದೆ. ಸಾಧಾರಣ ಎಂಆರ್ ಗ್ರೇಡ್ (ಸ್ವಲ್ಪ ತೇವ ಮಾತ್ರ ತಡೆಯುವ ಪ್ಲೈವುಡ್) ಆದರೆ ಅಂಚು ಉಬ್ಬಿರುತ್ತದೆ. ಬಾಗಿದ ಶೀಟನ್ನು ಉಬ್ಬು ಕೆಳಗೆ ಬರುವಂತೆ, ಗೆರೆ ಉಬ್ಬಿನ ಮೇಲೆಯೇ ಬೀಳುವಂತೆ ಇಡಿ. ಆಗ ಎರಡು ಬದಿಯ ಭಾರಕ್ಕೆ ಸೀಳು ತಾನಾಗಿ ತೆರೆದುಕೊಳ್ಳುತ್ತದೆ. ಉಬ್ಬು ಮೇಲೆ ಇಟ್ಟರೆ ಮುಚ್ಚಿಕೊಳ್ಳುತ್ತದೆ. ಹಸಿ ಶೀಟಿನ ಹೊಟ್ಟು ಹಾರಿ ಹೋಗದೆ ಗಾರ್ಡಿನೊಳಗೆ ನಮ್ಮ ಅಕ್ಕಿ ಕಡುಬು ಕಡಂಬುಟ್ಟಿನಂತೆ ಉಂಡೆ ಕಟ್ಟಿ ಕೂರುತ್ತದೆ, ಕೆಳಗಿನ ಗಾರ್ಡ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಪ್ಲಗ್ ಕಿತ್ತು, ಕಡ್ಡಿಯಿಂದ ಕೆದಕಿ ತೆಗೆಯಬೇಕು. ಶೀಟುಗಳನ್ನು ಒಳಗೆ, ನೆಲದಿಂದ ನಾಲ್ಕು ಇಂಚು ಮೇಲೆ ರೀಪಿನ ಮೇಲೆ ಮಲಗಿಸಿಟ್ಟರೆ ಅರ್ಧ ತಲೆನೋವು ಕಡಿಮೆ.

ಈಗ ಬ್ಲೇಡ್. 185 ಎಂಎಂ ಟಿಸಿಟಿ (ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದ) ಬ್ಲೇಡಿನಲ್ಲಿ ಸಾಮಾನ್ಯವಾಗಿ ಹಲ್ಲಿನ ದಪ್ಪ 2.2 ಎಂಎಂ, ತಟ್ಟೆಯ ದಪ್ಪ 1.5ರ ಆಸುಪಾಸು. ಅಂದರೆ ತಟ್ಟೆಗೂ ಮರಕ್ಕೂ ನಡುವೆ ಒಂದೊಂದು ಬದಿಗೆ ಉಳಿಯುವ ಜಾಗ ಬರೀ 0.35 ಎಂಎಂ. ಪ್ಲೈವುಡ್‌ನ ಅಂಟು ಬಿಸಿಯಾಗಿ ಹಲ್ಲಿನ ಬದಿಗೆ ಮೆತ್ತಿಕೊಂಡರೆ ಈ ಜಾಗವೇ ಹೋಗುತ್ತದೆ, ತಟ್ಟೆ ಉಜ್ಜುತ್ತದೆ, ಮತ್ತೂ ಬಿಸಿಯಾಗಿ ಮತ್ತೂ ಅಂಟು ಹತ್ತುತ್ತದೆ. ಬ್ಲೇಡ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ಹಲ್ಲಿನ ಹಿಂದೆ ಕಂದು ಬಣ್ಣದ ಗಟ್ಟಿ ಪದರ ಕಂಡರೆ ಮೊದಲು ಸಾಣೆಗೆ ಕಳಿಸಬೇಡಿ, ತೊಳೆಯಿರಿ. ಅಗಲ ತಟ್ಟೆಯಲ್ಲಿ ಬಿಸಿ ನೀರು, ಎರಡು ಚಮಚ ವಾಷಿಂಗ್ ಸೋಡಾ, ಹದಿನೈದು ನಿಮಿಷ ನೆನೆಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಬಿಡುತ್ತದೆ. ಕಾಸ್ಟಿಕ್ ಸೋಡಾ ಹಾಕಬಾರದು. ಚೆನ್ನಾಗಿ ಒರೆಸಿ, ಒಂದು ಹನಿ ಎಣ್ಣೆ ಸವರಿ ಇಡಿ, ಇಲ್ಲವಾದರೆ ನಮ್ಮ ಮಳೆಗೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಕಾಣಿಸುತ್ತದೆ.

ತೊಳೆದ ಮೇಲೆ ಹಲ್ಲಿನ ತುದಿಯನ್ನು ಉಗುರಿನ ಮೇಲೆ ಹಗುರವಾಗಿ ಎಳೆದು ನೋಡಿ. ಚೂಪಾಗಿದ್ದರೆ ತೆಳ್ಳನೆ ಕೆರೆಯುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಮೆರೈನ್ ಗ್ರೇಡ್‌ನ, ಅಂದರೆ ಭಾರತೀಯ ಮಾನಕ ಐಎಸ್ 710ರ ನೀರು ತಡೆಯುವ ಪ್ಲೈವುಡ್‌ನ, ಕಪ್ಪು ಅಂಟಿನ ಪದರ ಹಲ್ಲನ್ನು ಬೇಗ ತಿನ್ನುತ್ತದೆ. ಸಿಮೆಂಟ್ ಬೋರ್ಡನ್ನು ಮರದ ಬ್ಲೇಡಿನಲ್ಲಿ ಒಂದು ಸಲ ಕೊಯ್ದರೆ ಆ ಬ್ಲೇಡಿನ ಕಥೆ ಮುಗಿದಂತೆ.

ಹಲ್ಲಿನ ಲೆಕ್ಕವೂ ನೋಡಬೇಕು. ಪ್ಲೈವುಡ್‌ಗೆ 40 ಹಲ್ಲು ಸಾಕು. 60 ಹಲ್ಲು ಮೈಕಾ ಅಂಟಿಸಿದ ಶೀಟಿಗೆ ಚಂದದ ಅಂಚು ಕೊಡುತ್ತದೆ, ಆದರೆ ನಿಧಾನ ತಳ್ಳಬೇಕು. ಆ ಬ್ಲೇಡಿನಲ್ಲಿ ಎರಡು ಶೀಟ್ ಒಟ್ಟಿಗೆ ಕೊಯ್ಯಲು ಹೋಗುವುದು ಮಷಿನ್‌ಗೆ ಮಾಡುವ ಅನ್ಯಾಯ. ಆಳ ಇಡುವಾಗ ಹಲ್ಲು ಪೂರ್ತಿ ಶೀಟಿನ ಕೆಳಗೆ ಇಣುಕಬೇಕು, 18 ಎಂಎಂಗೆ 23 ಇಡಿ. ಬರೀ ಒಂದು ಎಂಎಂ ಹೊರಗೆ ಬಿಟ್ಟರೆ ಒಂದೇ ಸಲ ಹೆಚ್ಚು ಹಲ್ಲು ಮರದೊಳಗೆ ಸಿಕ್ಕಿ, ಹೊಟ್ಟು ಹೊರಬೀಳಲು ದಾರಿ ಇರುವುದಿಲ್ಲ. ಬ್ಲೇಡ್ ತಿರುಗುಮುರುಗಾಗಿ ಕೂತಿದೆಯೇ ಅಂತಲೂ ನೋಡಿ. ನಗಬೇಡಿ, ಹೊಗೆ ಬಂದು ಸುಟ್ಟುಕೊಂಡು ಹೋಗುವ ಮಷಿನ್‌ಗಳಲ್ಲಿ ಇದೂ ಒಂದು ಕಾರಣ. ಮುಂದಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಬರಬೇಕು. ಚಕ್ಕೆ ಏಳುವುದು ಮೇಲ್ಮೈಯಲ್ಲಿ, ಆದ್ದರಿಂದ ಚಂದದ ಮುಖ ಕೆಳಗೆ.

ಮೋಟರ್ ಜೋರಾಗಿ ತಿರುಗುತ್ತಿದೆ, ಬ್ಲೇಡ್ ಮಾತ್ರ ನಿಂತಿದೆ ಅಂದರೆ ಬ್ಲೇಡನ್ನು ಎರಡೂ ಕಡೆಯಿಂದ ಹಿಡಿಯುವ ಬಿಲ್ಲೆ, ಅಂದರೆ ಫ್ಲೇಂಜ್, ಜಾರುತ್ತಿದೆ. ಫ್ಲೇಂಜಿನ ಮುಖದ ಹೊಟ್ಟು, ಎಣ್ಣೆ ಒರೆಸಿ ಬೋಲ್ಟ್ ಬಿಗಿ ಮಾಡಿ.

ಗೈಡ್ ಹಾಕಿದಾಗ ಮಾತ್ರ ತಿಣುಕಿದರೆ ಬ್ಲೇಡ್ ತಳದ ಪ್ಲೇಟಿಗೆ ಓರೆಯಾಗಿದೆ. ಒಂದು ಹಲ್ಲಿಗೆ ಪೆನ್ನಿನಿಂದ ಗುರುತು ಹಾಕಿ, ಮುಂದೆ ಪ್ಲೇಟಿನ ಅಂಚಿನಿಂದ ಅಳೆಯಿರಿ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಅರ್ಧ ಎಂಎಂ ವ್ಯತ್ಯಾಸ ಬಂದರೂ ಮೇಲೆ ಹೇಳಿದ 0.35 ಮುಗಿದು ಹೋಯಿತು, ಹಿಂದಿನ ಹಲ್ಲು ಅಂಚನ್ನು ಉಜ್ಜುತ್ತದೆ. ಪ್ಲೇಟ್ ಸರಿಮಾಡುವ ಸ್ಕ್ರೂ ಇಲ್ಲದ ಮಷಿನ್ ಆದರೆ ಗೈಡ್ ತಾಗುವ ಅಂಚಿಗೆ ತೆಳು ತಗಡಿನ ಪಟ್ಟಿ ಅಂಟಿಸಿ ಸಮ ಮಾಡಿ.

ಕರೆಂಟಿನ ವಿಷಯಕ್ಕೆ ಬಂದರೆ, ತೋಟದ ಮನೆಗಳಲ್ಲಿ ಇದು ಸುಳ್ಳು ಆಪಾದನೆಯಲ್ಲ. ಟ್ರಾನ್ಸ್‌ಫಾರ್ಮರ್ ದೂರ. ಕಾಫಿ ಕೊಯ್ಲಿನ ಹೊತ್ತಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕುವ ಫೆಬ್ರವರಿ, ಮಾರ್ಚ್‌ನಲ್ಲಿ ಪಂಪು ಶುರುವಾದರೆ ವೋಲ್ಟೇಜ್ ಇಳಿಯುತ್ತದೆ. ಮಲ್ಟಿಮೀಟರಿನಲ್ಲಿ ಮಷಿನ್ ಓಡುವಾಗಲೇ ಅಳೆಯಬೇಕು, ಸುಮ್ಮನಿರುವಾಗ 225 ತೋರಿಸಿದರೆ ಏನೂ ಪ್ರಯೋಜನವಿಲ್ಲ. 230ರ ಮಷಿನ್‌ಗೆ 180 ಸಿಕ್ಕರೆ ಸುಮಾರು ಲೆಕ್ಕದಲ್ಲಿ ಶಕ್ತಿ ಅರವತ್ತು ಪರ್ಸೆಂಟಿಗೆ ಇಳಿಯುತ್ತದೆ. ಎಕ್ಸ್‌ಟೆನ್ಶನ್ ವೈರಿನ ನಷ್ಟ ಜನ ಅಂದುಕೊಂಡಷ್ಟಿಲ್ಲ: 30 ಮೀಟರಿನ 1.5 ಚದರ ಎಂಎಂ ತಾಮ್ರದ ವೈರಿನಲ್ಲಿ 6 ಆಂಪಿಯರ್‌ಗೆ ಸುಮಾರು 4 ವೋಲ್ಟ್, 0.75ರ ವೈರಿನಲ್ಲಿ 8. ಬ್ಲೇಡ್ ಸಿಕ್ಕಿ ಆಂಪಿಯರ್ ಏರಿದರೆ ಇದೂ ಏರುತ್ತದೆ. ಡ್ರಮ್ಮಿಗೆ ಸುತ್ತಿದ ವೈರನ್ನು ಪೂರ್ತಿ ಬಿಚ್ಚದೆ ಓಡಿಸಿದರೆ ಅದು ಒಳಗೊಳಗೇ ಕಾಯುತ್ತದೆ. ಕೆಲಸ ಮುಗಿದ ಕೂಡಲೇ ಪ್ಲಗ್ ಪೂರ್ತಿ ಕಿತ್ತು ಅದರ ಪಿನ್ನು ಮುಟ್ಟಿ ನೋಡಿ, ಕೈ ಸುಡುವಷ್ಟು ಬಿಸಿಯಾಗಿದ್ದರೆ ಸಾಕೆಟ್ ಸಡಿಲ. ಕೆಲಸದ ನಡುವೆ ಕರೆಂಟ್ ಹೋದರೆ ಸ್ವಿಚ್ಚಿನ ಲಾಕ್ ಬಿಡಿಸಿ ಪ್ಲಗ್ ಕೀಳಿ, ಬಂದ ಕರೆಂಟಿಗೆ ಮಷಿನ್ ತಾನೇ ಓಡಲು ಶುರುಮಾಡೀತು.

ನಾಲ್ಕಿಂಚಿನ ಮಾರ್ಬಲ್ ಕಟ್ಟರ್‌ಗೆ ಮರದ ಬ್ಲೇಡ್ ಹಾಕಿ ಉದ್ದ ಸೀಳುವುದು ಎಲ್ಲೆಲ್ಲೂ ಇದೆ. ನಾನು ಅದರಲ್ಲಿ ತೆಳು ಶೀಟು, ಗಿಡ್ಡ ಕೊಯ್ತ ಬಿಟ್ಟು ಮತ್ತೇನೂ ಮಾಡುವುದಿಲ್ಲ. ವೇಗ ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ದಾಟುತ್ತದೆ, ಸೀಳು ತೆರೆದಿಡುವ ಪಟ್ಟಿ ಇಲ್ಲ, ಗಾರ್ಡ್ ಹೆಸರಿಗೆ ಮಾತ್ರ. ಹಾಕಲೇಬೇಕೆಂದರೆ ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ಮಷಿನ್ನಿನದಕ್ಕಿಂತ ಹೆಚ್ಚಿರಲಿ.

ಇಷ್ಟೆಲ್ಲ ಸರಿ ಇದ್ದೂ ಬಲವಿಲ್ಲ ಅಂದರೆ ಕಾರ್ಬನ್ ಬ್ರಷ್, ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕರಿ ತುಂಡುಗಳು. ಬದಿಯ ಎರಡು ಕ್ಯಾಪ್ ಬಿಚ್ಚಿ ನೋಡಿ, 6 ಎಂಎಂಗಿಂತ ಕಡಿಮೆ ಉಳಿದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಲೋಡ್ ಇಲ್ಲದೆ ಐದು ನಿಮಿಷ ಓಡಿಸಿ. ಹೊಸ ಬ್ರಷ್‌ಗೂ ಅದು ಉಜ್ಜುವ ತಾಮ್ರದ ಸುತ್ತಿನ, ಅಂದರೆ ಕಮ್ಯುಟೇಟರ್‌ನ, ಸುತ್ತ ಕಿಡಿ ಉಂಗುರ ಕಟ್ಟಿದರೆ ಆರ್ಮೇಚರ್ (ಮೋಟರಿನೊಳಗೆ ತಿರುಗುವ ಸುರುಳಿಯ ಭಾಗ) ಹೋಗಿದೆ, ಅದು ವೈಂಡಿಂಗ್ ಅಂಗಡಿಯ ಕೆಲಸ.