ಫೆರೆನ್ಸ್ ಬದುಕಿಗೆ ಕೂಡಿಸುವ ಲೆಕ್ಕವೇ ಸಾಕು: ನನ್ನ ಅನುಭವ

ನಾಜಿ ಹಂತಕ ಪಡೆಗಳ ಮೇಲೆ ನ್ಯೂರೆಂಬರ್ಗ್‌ನಲ್ಲಿ ಮೊಕದ್ದಮೆ ನಡೆಸಿದ ಅಮೆರಿಕದ ವಕೀಲ ಬೆಂಜಮಿನ್ ಫೆರೆನ್ಸ್ ಬದುಕನ್ನು ಲಾ ಕಾಲೇಜುಗಳಲ್ಲಿ ಏಕವ್ಯಕ್ತಿ ಪ್ರಯೋಗವಾಗಿ ಮಾಡುತ್ತೇನೆ ಅಂದಾಗ ಬಳಗದವರೆಲ್ಲ ಬೇಡ ಅಂದರು. ಹಾಡಿಲ್ಲ, ಅಳುವಿಲ್ಲ, ಬರೀ ಅಂಕಿ ಓದಿದರೆ ಹುಡುಗರು ಎದ್ದು ಹೋಗುತ್ತಾರೆ ಅನ್ನುವುದು ಅವರ ವಾದ. ಈಗ ಅವರೇ ಸ್ಕ್ರಿಪ್ಟ್ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ರೂಪ ಹುಟ್ಟಿನಿಂದ ಶುರುವಾಗುತ್ತಿತ್ತು. 1920ರಲ್ಲಿ ಟ್ರಾನ್ಸಿಲ್ವೇನಿಯಾದ ಯಹೂದಿ ಮನೆಯಲ್ಲಿ ಜನನ, ಹತ್ತು ತಿಂಗಳ ಕೂಸಿದ್ದಾಗ ಅಮೆರಿಕ, ನ್ಯೂಯಾರ್ಕಿನ ಹೆಲ್ಸ್ ಕಿಚನ್ ಬಡಾವಣೆಯಲ್ಲಿ ಬಡತನ, ಆಮೇಲೆ ಹಾರ್ವರ್ಡ್. ಪ್ರೊಜೆಕ್ಟರ್ ಬಾಡಿಗೆ, ಹಿನ್ನೆಲೆ ಸಂಗೀತ, ಮರದ ಕಟಕಟೆ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಒಂದು ಕಾಲೇಜಿನವರಂತೂ ಬಸ್ ಚಾರ್ಜನ್ನೂ ಕೊಡಲಿಲ್ಲ. ಸಭೆ ಅರ್ಧಕ್ಕೇ ಮೊಬೈಲ್ ತೆಗೆಯಿತು. ನಡುವೆ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನೂ ಪ್ರಯತ್ನಿಸಿದೆ. ವಿಯೆನ್ನಾದಿಂದ ಹುಡುಗನಾಗಿ ಬಂದು 1939ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸೇರಿದವರು. ಲೇಖನಕ್ಕೆ ಚೆನ್ನ. ರಂಗದ ಮೇಲೆ ಕೈಯಲ್ಲಿ ಹಿಡಿಯಲು ಒಂದು ವಸ್ತುವಿಲ್ಲ.

ಫೆರೆನ್ಸ್ ಕಥೆಯಲ್ಲಿ ಅದಿದೆ: ಲೆಕ್ಕದ ಯಂತ್ರ. ಬರ್ಲಿನ್‌ನಲ್ಲಿ ಅವರ ತಂಡಕ್ಕೆ ನಾಜಿ ಹಂತಕ ಪಡೆಗಳ ವರದಿಗಳು ಸಿಕ್ಕವು. ಊರು, ತಾರೀಕು, ಕೊಂದವರ ಸಂಖ್ಯೆ. ಫೆರೆನ್ಸ್ ಆ ಯಂತ್ರದಲ್ಲಿ ಕೂಡಿಸುತ್ತ ಹೋಗಿ, ಹತ್ತು ಲಕ್ಷ ದಾಟಿದಾಗ ನಿಲ್ಲಿಸಿ, ನ್ಯೂರೆಂಬರ್ಗ್‌ಗೆ ವಿಮಾನ ಹತ್ತಿದರು. ಸಿಬ್ಬಂದಿಯಿಲ್ಲ, ದುಡ್ಡಿಲ್ಲ ಅಂದರು ಅಲ್ಲಿನ ಮುಖ್ಯ ಸರ್ಕಾರಿ ವಕೀಲ ಟೆಲ್ಫರ್ಡ್ ಟೇಲರ್. ಇರುವ ಕೆಲಸದ ಜೊತೆಗೇ ಮಾಡುತ್ತೇನೆ ಅಂದರು ಫೆರೆನ್ಸ್. ಆಗ ವಯಸ್ಸು 27, ಅದೇ ಮೊದಲ ಮೊಕದ್ದಮೆ.

ಗುಜರಿಯಲ್ಲಿ ಸಾವಿರದ ಚಿಲ್ಲರೆಗೆ ಹಿಡಿ ತಿರುಗಿಸುವ ಹಳೇ ಯಂತ್ರ ತಂದೆ. ಹುಡುಗರ ಕೈಗೆ ಹಾಳೆ, ಪೆನ್ಸಿಲ್. ನಾನು ಓದುತ್ತೇನೆ, ಅವರು ಕೂಡಿಸಬೇಕು. ಕೀವ್‌ನ ಬಾಬಿ ಯಾರ್ ಕಮರಿ, 1941ರ ಸೆಪ್ಟೆಂಬರ್ 29, 30: 33,771. ಆ ಎಪ್ಪತ್ತೊಂದನ್ನು ಒತ್ತಿ ಓದಿ. ಯಾರೋ ಕೂತು ಒಂದೊಂದಾಗಿ ಎಣಿಸಿದ್ದಾರೆ ಅನ್ನುವುದು ಅಲ್ಲೇ ತಟ್ಟುತ್ತದೆ, ಪೆನ್ಸಿಲ್‌ಗಳು ನಿಲ್ಲುತ್ತವೆ. ಸರಿಯಾಗಿ ಆರು ವರ್ಷಕ್ಕೆ, 1947ರ ಸೆಪ್ಟೆಂಬರ್ 29ರಂದು, ಫೆರೆನ್ಸ್ ವಾದ ಶುರು ಮಾಡಿದರು. ಆರೋಪಿಗಳ ಸ್ವಂತ ಕಡತಗಳನ್ನೇ ಮುಂದಿಟ್ಟು ಎರಡು ದಿನದಲ್ಲಿ ಮುಗಿಸಿದರು. ವಿಚಾರಣೆ ಎದುರಿಸಿದ 22 ಮಂದಿಯೂ ತಪ್ಪಿತಸ್ಥರು ಅಂತಾಯಿತು.

ಯಾವ ಸಂಖ್ಯೆಯ ಹಿಂದೆ ಯಾವುದು ಬರಬೇಕು, ಯಂತ್ರದ ಹಿಡಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮಾತ್ರ ಹೇಳಲಾರೆ, ಅದು ನನ್ನ ದುಡಿಮೆ. ಯಂತ್ರ ಬಿಟ್ಟರೆ ಈ ರೂಪದಲ್ಲಿ ಒಂದು ಪ್ರಯೋಗದ ಖರ್ಚು ಮುನ್ನೂರು ದಾಟುವುದಿಲ್ಲ, ನಲವತ್ತು ನಿಮಿಷ ಒಬ್ಬರೂ ಕದಲುವುದಿಲ್ಲ.

ಯುದ್ಧದ ನಂತರ ಫೆರೆನ್ಸ್ ಸಂತ್ರಸ್ತರಿಗೆ ಪರಿಹಾರ ಕೊಡಿಸಿದ ಕೆಲಸವನ್ನು ಎರಡು ಮಾತಲ್ಲಿ ದಾಟಿಸುತ್ತೇನೆ. 2011ರಲ್ಲಿ, 91ರ ವಯಸ್ಸಿನಲ್ಲಿ, ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಮಕ್ಕಳನ್ನು ಸೈನಿಕರಾಗಿ ಬಳಸಿದ ಕಾಂಗೋದ ಬಂಡುಕೋರ ನಾಯಕ ಲುಬಾಂಗಾ ವಿರುದ್ಧದ ಮೊಕದ್ದಮೆಯಲ್ಲಿ ವಾದಕ್ಕೆ ಎದ್ದು ನಿಂತದ್ದು ಮಾತ್ರ ಇರಲೇಬೇಕು. ಅದಾದ ಕೂಡಲೇ ಹುಡುಗರು ಕೇಳುತ್ತಾರೆ: ಭಾರತ ಈ ನ್ಯಾಯಾಲಯಕ್ಕೆ ಯಾಕೆ ಸೇರಿಲ್ಲ? ಈ ನ್ಯಾಯಾಲಯ ಸ್ಥಾಪಿಸುವ ಒಪ್ಪಂದಕ್ಕೆ ನಡೆದ 1998ರ ರೋಮ್ ಮತದಾನದಲ್ಲಿ ನಾವು ತಟಸ್ಥರಾಗಿದ್ದೆವು ಅನ್ನುವಲ್ಲಿಂದ ಹಿಡಿದರೆ ಚರ್ಚೆ ಬಿಸಿಯೇರುತ್ತದೆ. ಸಭಾಂಗಣ ಎರಡು ತಾಸಿಗೆ ಕೇಳಿಟ್ಟುಕೊಳ್ಳಿ, ಒಂದು ತಾಸು ಸಾಲುವುದಿಲ್ಲ.