ಕುಟುಂಬಶ್ರೀ ಹೋಟೆಲಿನ ಮುಖ್ಯಸ್ಥೆಗೆ: ಸೌಟು ಕೆಳಗಿಡಿ, ಲೆಕ್ಕ ಹಿಡಿಯಿರಿ

ಕುಟುಂಬಶ್ರೀ ಎಂದರೆ ಕೇರಳ ಸರಕಾರದ ಮಹಿಳಾ ಸ್ವಸಹಾಯ ಗುಂಪುಗಳ ಯೋಜನೆ. ಅದರಡಿ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಐದಾರು ಹೆಂಗಸರು ಸೇರಿ ಹೋಟೆಲು ಹಾಕುವಾಗ ಅಡುಗೆಯಲ್ಲಿ ಕೈ ಪಳಗಿದವಳನ್ನೇ ಮುಖ್ಯಸ್ಥೆ ಮಾಡಿಬಿಡುತ್ತಾರೆ. ಎಡವಟ್ಟಾಗುವುದು ಅಲ್ಲೇ. ಒಲೆಯ ಮುಂದೆ ನಿಂತವಳಿಗೆ ಗಲ್ಲಾಪೆಟ್ಟಿಗೆಯೂ ಕಾಣದು, ಎಲೆಯಲ್ಲಿ ಏನು ಮಿಕ್ಕಿತೆಂಬುದೂ ಕಾಣದು. ಮಧ್ಯಾಹ್ನ 12ರಿಂದ 2.30ರ ತನಕ ಮುಖ್ಯಸ್ಥೆ ಒಳಗಲ್ಲ, ಹೊರಗಿರಬೇಕು.

ಸಾಮಾನು ತರುವವಳು, ಗಲ್ಲಾದಲ್ಲಿ ಕೂರುವವಳು, ಲೆಕ್ಕ ಬರೆಯುವವಳು ಬೇರೆ ಬೇರೆಯಾಗಿರಲಿ. ಕಳ್ಳತನದ ಭಯಕ್ಕಲ್ಲ, ಮೂರೂ ಒಬ್ಬಳ ಕೈಯಲ್ಲಿದ್ದರೆ ನೂರು ರೂಪಾಯಿ ಕಡಿಮೆ ಬಿದ್ದ ದಿನವೇ ಗುಸುಗುಸು ಶುರು. ಬೆಳಗ್ಗೆ ಚಿಲ್ಲರೆಗೆ ಇಟ್ಟ ದುಡ್ಡನ್ನು ಬರೆದಿಡಿ. ಸಂಜೆ ಅದನ್ನು ಕಳೆದು, ನಗದು, ಯುಪಿಐ, ಕಡ ಮೂರನ್ನೂ ಕೂಡಿ ಊಟಕ್ಕೆ ಕೊಟ್ಟ ಟೋಕನ್ನುಗಳ ಜೊತೆ ತಾಳೆ ನೋಡಿ. ಇಬ್ಬರು ಸಹಿ ಹಾಕಿ. ಕ್ಯೂಆರ್ ಕೋಡ್ ಗುಂಪಿನ ಖಾತೆಯದ್ದೇ ಆಗಬೇಕು.

ಗುಂಪಿನ ಸಭೆಯ ನಡಾವಳಿಯನ್ನು (ಮಿನಿಟ್ಸ್) ಮಲಯಾಳದಲ್ಲಿ ಬರೆದರೆ ಕನ್ನಡ ಮೀಡಿಯಂನಲ್ಲಿ ಕಲಿತವರು ಓದದೆ ಸಹಿ ಹಾಕುತ್ತಾರೆ, ಆಮೇಲೆ ಜಗಳ. ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಪೆನ್ನು ಕೊಡಿ.

ನೂರು ಊಟಕ್ಕೆ ಕುಚ್ಚಲಕ್ಕಿ 12 ಕಿಲೋದಿಂದ ಶುರು ಮಾಡಿ, ಸಾಂಬಾರು 15 ಲೀಟರ್. ಮಿಕ್ಕ ಅನ್ನವನ್ನು ತೂಗಿ ಬರೆಯಿರಿ, ಕಣ್ಣಂದಾಜು ನಡೆಯದು. ವಾರವಿಡೀ ದಿನಕ್ಕೆ ಎರಡು ಕಿಲೋ ಅನ್ನ ಉಳಿದರೆ ಅಕ್ಕಿ ಅರ್ಧ ಕಿಲೋ ಇಳಿಸಿ. ಶುಕ್ರವಾರದ ಲೆಕ್ಕ ಬೇರೆಯೇ ಇಡಿ: ಜುಮಾ ನಮಾಜು ಮುಗಿದ ಮೇಲೆ ಜನ ಒಮ್ಮೆಲೇ ಬರುತ್ತಾರೆ.

ತೆಂಗಿನಕಾಯಿ ಅರೆದು ಹಾಕಿದ ಸಾಂಬಾರು ಮಧ್ಯಾಹ್ನಕ್ಕೇ ಹಳಸಿದರೆ ಅಡುಗೆಯವಳನ್ನು ಬಯ್ಯಬೇಡಿ, ಪಾತ್ರೆ ನೋಡಿ. ಒಲೆಯಿಂದಿಳಿಸಿದ ಆಳದ ಪಾತ್ರೆಗೆ ಮುಚ್ಚಳ ಬಿಗಿದರೆ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ, ಹುಳಿಯುವುದಕ್ಕೆ ಅಷ್ಟೇ ಸಾಕು. ಬಡಿಸುವ ಪಾಲು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗಿಯೇ ಇರಲಿ. ಫ್ರಿಜ್ಜಿಗೆ ಹೋಗುವುದನ್ನು ಅಗಲ ತಟ್ಟೆಗೆ ಸುರಿದು ಬೇಗ ಆರಿಸಿ.

ನಿಮಗಿಂತ ಹಿರಿಯಳು ಅಡುಗೆಗಿದ್ದರೆ 'ಅಕ್ಕಾ' ಎಂದೇ ಕರೆಯಿರಿ. ಆದರೆ ಅಳತೆಯನ್ನು ಬಾಯಲ್ಲಿ ಹೇಳದೆ ಗೋಡೆಯ ಬೋರ್ಡಿನಲ್ಲಿ ಬರೆಯಿರಿ. "ಅಕ್ಕಾ, ಬೋರ್ಡಿನಲ್ಲಿ 12 ಉಂಟಲ್ಲ?" ಎಂದರೆ ಮಾತು ನಿಮ್ಮದಲ್ಲ, ಬೋರ್ಡಿನದು.

ಗಿರಾಕಿಯ ಕೈಯೋ ಬಾಯೋ ಹದ್ದು ಮೀರಿದರೆ ಆ ಮೇಜಿಗೆ ಮುಖ್ಯಸ್ಥೆಯೇ ಹೋಗಬೇಕು, ಬಡಿಸುವ ಹುಡುಗಿಯನ್ನು ಒಳಗೆ ಕಳಿಸಿದರೆ ಮುಗಿಯಲಿಲ್ಲ. ತಾರೀಕು, ಹೊತ್ತು, ನೋಡಿದವರ ಹೆಸರು ಅಂದೇ ಬರೆದಿಡಿ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಕಡ್ಡಾಯವಿಲ್ಲ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಂತೆ ದೂರು ಹೋಗುವುದು ಜಿಲ್ಲೆಯ ಸ್ಥಳೀಯ ಸಮಿತಿಗೆ, ಮೂರು ತಿಂಗಳೊಳಗೆ, ಬರಹದಲ್ಲಿ.